ಲೇಔಟ್‌ನಲ್ಲಿ ಪಾರ್ಕಿಗೆ ಬಿಟ್ಟ ಜಾಗ ‘ವೇಸ್ಟ್’ ಜಾಗವೇ? ಎಲ್ಲರೂ ಸಹಿ ಹಾಕಿದರೆ ಅದನ್ನು ಮಾರಬಹುದೇ?

“ನಮ್ಮ ಲೇಔಟ್‌ನ ಪಾರ್ಕ್ ಜಾಗ ಹದಿನೈದು ವರ್ಷದಿಂದ ಹಾಳು ಬಿದ್ದಿದೆ. ಹಾವು, ಕಸ ಬಿಟ್ಟರೆ ಅಲ್ಲಿ ಏನೂ ಇಲ್ಲ. ಅರ್ಧ ಜಾಗ ಮಾರಿ, ಬಂದ ದುಡ್ಡಲ್ಲಿ ಉಳಿದರ್ಧದಲ್ಲಿ ಸಮುದಾಯ ಭವನ ಕಟ್ಟೋಣ. ಎಲ್ಲಾ ಸೈಟ್ ಮಾಲೀಕರು ಸಹಿ ಹಾಕಿದರೆ ಕಾನೂನಿನ ತೊಂದರೆ ಇಲ್ಲ ಅಂತ ವಕೀಲರೇ ಹೇಳಿದ್ದಾರೆ. ಒಪ್ಪಿಗೆ ಇದ್ದವರು 👍 ಹಾಕಿ.”

ಇಂಥದ್ದೊಂದು ಮೆಸೇಜ್ ನಿಮ್ಮ ಲೇಔಟ್‌ನ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಸಮುದಾಯ ಭವನದ ಬದಲು ದೇವಸ್ಥಾನ, ಕ್ಲಬ್ ಹೌಸ್, ಕಾರ್ ಪಾರ್ಕಿಂಗ್ ಎಂದಿರಬಹುದು, ಅಷ್ಟೇ ವ್ಯತ್ಯಾಸ. ಕೆಳಗೆ ಇಪ್ಪತ್ತು ಮೂವತ್ತು ಹೆಬ್ಬೆಟ್ಟು ಬಿದ್ದಿರುತ್ತವೆ. ಬೇಡ ಅನ್ನುವವರು ಸುಮ್ಮನಿರುತ್ತಾರೆ, ಯಾಕೆಂದರೆ ನಾಳೆ ಬೆಳಗ್ಗೆ ಹಾಲಿನ ಬೂತಿನ ಹತ್ತಿರ ಅದೇ ಮುಖಗಳನ್ನು ನೋಡಬೇಕು.

ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡೋಣ: ಆಗುವುದಿಲ್ಲ. ಲೇಔಟ್‌ನ ಪ್ರತಿಯೊಬ್ಬರೂ ಸಹಿ ಹಾಕಿದರೂ ಅನುಮೋದಿತ ನಕ್ಷೆಯಲ್ಲಿ ಪಾರ್ಕ್ ಎಂದು ತೋರಿಸಿರುವ ಜಾಗವನ್ನು ಮಾರಲು ಬರುವುದಿಲ್ಲ. ಸಹಿ ಹಾಕುವವರು ಅದರ ಮಾಲೀಕರೇ ಅಲ್ಲ. ಆದರೆ ‘ಕಾನೂನು ಬಿಡಲ್ಲ’ ಎಂದಷ್ಟೇ ಹೇಳಿದರೆ ಗ್ರೂಪಿನಲ್ಲಿ ಯಾರೂ ಒಪ್ಪುವುದಿಲ್ಲ. ಆ ಜಾಗವನ್ನು ಯಾಕೆ ಬಿಟ್ಟರು, ಅದು ಏನು ಕೆಲಸ ಮಾಡುತ್ತಿದೆ ಎಂಬುದು ಗೊತ್ತಿದ್ದರೆ ಮಾತಾಡಲು ಸುಲಭ.

10 ಎಕರೆಯಲ್ಲಿ 272 ಸೈಟೋ, 181 ಸೈಟೋ?

ಒಂದು ಸಣ್ಣ ಲೇಔಟ್ ಎಂದರೆ 10 ಎಕರೆ ಎಂದಿಟ್ಟುಕೊಳ್ಳಿ. ಒಂದು ಎಕರೆಗೆ 40 ಗುಂಟೆ, ಅಂದರೆ 43,560 ಚದರಡಿ. ಹತ್ತು ಎಕರೆಗೆ 4,35,600 ಚದರಡಿ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ, 1976ರ ಪ್ರಕಾರ ಬಿಡಿಎ ಲೇಔಟ್ ಮಾಡುವಾಗ ಒಟ್ಟು ಜಾಗದಲ್ಲಿ ಕನಿಷ್ಠ ಶೇ. 15 ಪಾರ್ಕು ಮತ್ತು ಆಟದ ಮೈದಾನಕ್ಕೆ, ಅದರ ಜೊತೆಗೆ ಕನಿಷ್ಠ ಶೇ. 10 ನಾಗರಿಕ ಸೌಲಭ್ಯಕ್ಕೆ, ಅಂದರೆ ನಾವೆಲ್ಲ ‘ಸಿಎ ಸೈಟು’ ಎನ್ನುವುದಕ್ಕೆ, ಮೀಸಲಿಡಬೇಕು. ಖಾಸಗಿಯವರು ಮಾಡುವ ಲೇಔಟ್‌ಗೆ ಈ ಪ್ರಮಾಣ ಆಯಾ ಊರಿನ ಮಹಾಯೋಜನೆಯ ನಿಯಮದ ಮೇಲೆ ಬದಲಾಗುತ್ತದೆ. ನಮ್ಮ ಲೆಕ್ಕಕ್ಕೆ ಬಿಡಿಎ ಪ್ರಮಾಣವನ್ನೇ ಹಿಡಿಯೋಣ. ರಸ್ತೆಗೆ ಕಾಲುಭಾಗ ಹೋಯಿತು ಎಂದುಕೊಂಡರೆ ಸೈಟಿಗೆ ಉಳಿಯುವುದು ಅರ್ಧ: 2,17,800 ಚದರಡಿ. 30×40ರ ಸೈಟು 1,200 ಚದರಡಿ. ಒಟ್ಟು 181 ಸೈಟು.

ಪಾರ್ಕು, ಸಿಎ ಸೈಟು ಎರಡನ್ನೂ ನುಂಗಿದರೆ 272 ಸೈಟು. ಹೆಚ್ಚಿಗೆ ಸಿಗುವುದು 91. ಚದರಡಿಗೆ 2,000 ರೂಪಾಯಿ ಎಂದು ಕಡಿಮೆಯಲ್ಲೇ ಹಿಡಿದರೂ ಒಂದು ಸೈಟಿಗೆ 24 ಲಕ್ಷ, 91 ಸೈಟಿಗೆ 21 ಕೋಟಿ 84 ಲಕ್ಷ. ಲೇಔಟ್ ಮಾಡುವವರಿಗೆ ಪಾರ್ಕು ಯಾಕೆ ‘ವೇಸ್ಟ್’ ಆಗಿ ಕಾಣುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಈಗ ಇದೇ ಲೆಕ್ಕವನ್ನು ಮನೆ ಕಟ್ಟಿಕೊಂಡವರ ಕಡೆಯಿಂದ ನೋಡಿ. 181 ಮನೆಗೆಂದು ಹಾಕಿದ ಕುಡಿಯುವ ನೀರಿನ ಪೈಪು, ಯುಜಿಡಿ ಲೈನು, ಟ್ರಾನ್ಸ್‌ಫಾರ್ಮರ್, ರಸ್ತೆ ಇವುಗಳ ಮೇಲೆ 272 ಮನೆ ಬೀಳುತ್ತವೆ. ಬೋರ್‌ವೆಲ್ ಹೆಚ್ಚಾಗುತ್ತವೆ, ನೀರು ಇಂಗುವ ನೆಲ ಕಡಿಮೆಯಾಗುತ್ತದೆ. ಲಾಭ ಒಬ್ಬರ ಕೈಗೆ ಒಂದೇ ಸಲ ಹೋಗುತ್ತದೆ, ತೊಂದರೆ ಎಲ್ಲರಿಗೂ ಮೂವತ್ತು ವರ್ಷ ಇರುತ್ತದೆ. ಲೇಔಟ್ ನಿಯಮಗಳನ್ನು ಬರೆದವರು ಈ ಎರಡನೇ ಲೆಕ್ಕವನ್ನು ಹಾಕಿದ್ದಾರೆ.

ಈ ಲೆಕ್ಕ ಹೊಸದೂ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಹಳೇ ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು. ಆ ಕಾಲದಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೇರ ರಸ್ತೆ, ಮನೆಯ ಸುತ್ತ ಗಾಳಿ ಬೆಳಕಿಗೆ ಜಾಗ, ಹಿಂಬದಿಯಲ್ಲಿ ಶೌಚ ತೆಗೆಯಲು ಕನ್ಸರ್ವೆನ್ಸಿ ಗಲ್ಲಿ ಇಟ್ಟರು. ಅಂದಿನವರಿಗೆ ಖಾಲಿ ಜಾಗ ಎಂದರೆ ಆರೋಗ್ಯದ ವಿಷಯವಾಗಿತ್ತು, ಅಂದಚೆಂದ ಆಮೇಲೆ.

ಹಾಳು ಬಿದ್ದ ಪಾರ್ಕು ಸುಮ್ಮನೆ ಕೂತಿರುವುದಿಲ್ಲ

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಇದನ್ನು ನೆನಪಿಟ್ಟುಕೊಂಡರೆ ಮಳೆಯ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ನಮ್ಮ 10 ಎಕರೆ ಎಂದರೆ ಸುಮಾರು 40,470 ಚದರ ಮೀಟರ್. ಒಂದು ಸಂಜೆ 50 ಮಿ.ಮೀ. ಮಳೆ ಸುರಿದರೆ (ಮುಂಗಾರಿನಲ್ಲಿ ಇದೇನು ಅಪರೂಪವಲ್ಲ) ಆ ಲೇಔಟ್ ಮೇಲೆ ಬೀಳುವ ನೀರು ಸುಮಾರು 20 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಸುಮಾರು 337 ಟ್ಯಾಂಕರ್.

ಹೊಲವಾಗಿದ್ದಾಗ ಇದರಲ್ಲಿ ಒಳ್ಳೇ ಪಾಲು ಮಣ್ಣಿಗೆ ಇಳಿಯುತ್ತಿತ್ತು. ಕಾಂಕ್ರೀಟು, ಡಾಂಬರು, ಟೈಲ್ಸ್ ಮೇಲೆ ಬಿದ್ದ ನೀರು ಹೆಚ್ಚುಕಡಿಮೆ ಪೂರ್ತಿ ಹರಿದು ಹೋಗುತ್ತದೆ, ಅದೂ ಅರ್ಧ ಗಂಟೆಯಲ್ಲಿ. ಅದಕ್ಕೆ ಹೋಗಲು ಒಂದು ಜಾಗ ಬೇಕು. ಪಾರ್ಕಿಗೆ ಬಿಟ್ಟದ್ದು ಶೇ. 15 ಎಂದರೆ 60 ಗುಂಟೆ, ಸುಮಾರು 6,070 ಚದರ ಮೀಟರ್. ಆ ಪಾರ್ಕನ್ನು ರಸ್ತೆಗಿಂತ ಒಂದು ಅಡಿ ತಗ್ಗಿನಲ್ಲಿ ಇಟ್ಟರೆ ಸುಮಾರು 18 ಲಕ್ಷ ಲೀಟರ್ ನೀರು ಅದರಲ್ಲೇ ನಿಲ್ಲುತ್ತದೆ. ಎರಡು ದಿನದಲ್ಲಿ ಇಂಗುತ್ತದೋ ನಾಲ್ಕು ದಿನದಲ್ಲೋ ಎಂಬುದು ಮಣ್ಣಿನ ಗುಣಕ್ಕೆ ಬಿಟ್ಟದ್ದು, ಆದರೆ ಮಳೆ ಬಿದ್ದ ಆ ಒಂದು ಗಂಟೆಯಲ್ಲಿ ನಿಮ್ಮ ಗೇಟಿನೊಳಗೆ ಬರುವುದು ತಪ್ಪುತ್ತದೆ.

ನಾವು ಮಾಡುವುದು ಇದಕ್ಕೆ ಉಲ್ಟಾ. ಪಾರ್ಕು ‘ಅಭಿವೃದ್ಧಿ’ ಮಾಡುತ್ತೇವೆ ಎಂದು ಹೊರಗಿನಿಂದ ಲೋಡುಗಟ್ಟಲೆ ಮಣ್ಣು ತಂದು ರಸ್ತೆಗಿಂತ ಎತ್ತರ ಮಾಡುತ್ತೇವೆ, ಸುತ್ತ ಕಟ್ಟೆ ಕಟ್ಟುತ್ತೇವೆ, ವಾಕಿಂಗ್ ಪಾತಿಗೆ ಸಿಮೆಂಟ್ ಇಟ್ಟಿಗೆ ಹಾಸುತ್ತೇವೆ. ಆಮೇಲೆ ಮಳೆ ಬಂದಾಗ ಪಾರ್ಕಿನ ನೀರೂ ರಸ್ತೆಗೇ ಬರುತ್ತದೆ. ಹಾವು ಇರುವ ಹಾಳು ಪಾರ್ಕು ನೀರಿನ ವಿಷಯದಲ್ಲಿ ಇಂಥ ಚೆಂದದ ಪಾರ್ಕಿಗಿಂತ ಎಷ್ಟೋ ವಾಸಿ. ಹಾಗಂತ ಕಸ ಬಿದ್ದಿರಲಿ ಎಂದು ನಾನು ಹೇಳುತ್ತಿಲ್ಲ!

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಪೂರ್ವಭಾಗದಲ್ಲಿ, ಸರ್ಜಾಪುರ ರಸ್ತೆಯ ಕಡೆಯ ದುಬಾರಿ ಲೇಔಟ್‌ಗಳಿಂದ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಗೆ ತಂದದ್ದನ್ನು ನೀವೂ ವಿಡಿಯೋದಲ್ಲಿ ನೋಡಿರುತ್ತೀರಿ. ಆ ರಾತ್ರಿ ಊರಿನಲ್ಲಿ ಸುಮಾರು 130 ಮಿ.ಮೀ. ಮಳೆಯಾಗಿತ್ತು. ಮಳೆ ಜೋರಾಗಿದ್ದು ನಿಜ. ಆದರೆ ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು, ಈ ಊರಿನ ನೆಲ ಇರುವುದೇ ಹಾಗೆ. ಆ ದಾರಿ ಕಿರಿದಾದ ಕಡೆಯಲ್ಲೆಲ್ಲ ನೀರು ಮನೆ ಹೊಕ್ಕಿತು.

‘ಖರಾಬು’ ಅಂದರೆ ಕೆಟ್ಟ ಜಾಗವೇ?

ಕಾಲುವೆಯ ಮಾತು ಬಂದದ್ದರಿಂದ ಪಹಣಿಯಲ್ಲಿರುವ ಒಂದು ಪದದ ಬಗ್ಗೆ ಹೇಳಲೇಬೇಕು. ಲೇಔಟ್ ಆಗುವ ಮೊದಲು ಆ ಜಮೀನಿನ ಪಹಣಿ ತೆಗೆದು ನೋಡಿದರೆ ‘ಖರಾಬು’ ಎಂಬ ಸಾಲು ಕಾಣುತ್ತದೆ. ಕೆಲವರು ಇದನ್ನು ‘ಕೆಲಸಕ್ಕೆ ಬಾರದ ಜಾಗ, ಸೇರಿಸಿಕೊಂಡರೆ ಪರವಾಗಿಲ್ಲ’ ಎಂದು ವಿವರಿಸುತ್ತಾರೆ. ಅದು ಖರಾಬು ಎನಿಸಿದ್ದು ಬ್ರಿಟಿಷರ ಕಾಲದ ಕಂದಾಯದ ಕಣ್ಣಿಗೆ. ಬೆಳೆ ಬರುವುದಿಲ್ಲ, ಆದ್ದರಿಂದ ಕಂದಾಯ ಹಾಕುವಂತಿಲ್ಲ ಎಂದಷ್ಟೇ ಅದರ ಅರ್ಥ. ಅದರಲ್ಲೂ ಬಿ ಖರಾಬು ಎಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು: ಬಂಡಿ ದಾರಿ, ಹಳ್ಳ, ಕಾಲುವೆ, ಸ್ಮಶಾನ ಇಂಥವು. ಅಕ್ಕಪಕ್ಕದ ಜಮೀನು ಕೊಂಡವರಿಗೆ ಅದು ಸೇರುವುದಿಲ್ಲ.

ಇದನ್ನು ನೋಡಲು ಒಂದು ಸುಲಭ ದಾರಿ ಇದೆ. ಕರ್ನಾಟಕ ಸರ್ಕಾರದ ಭೂಮಾಪನ ಇಲಾಖೆಯ ‘ದಿಶಾಂಕ್’ ಎಂಬ ಆ್ಯಪ್ ಹಾಕಿಕೊಂಡು ಲೇಔಟ್‌ನ ಮಧ್ಯೆ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ಇದ್ದೀರಿ, ಹತ್ತಿರದಲ್ಲಿ ಹಳ್ಳ, ಕೆರೆ, ಸರ್ಕಾರಿ ಜಾಗ ಇದೆಯೇ ಎಂಬುದನ್ನು ತೋರಿಸುತ್ತದೆ. ಅದು ಅಂದಾಜಿನ ನಕ್ಷೆ. ಹತ್ತಿಪ್ಪತ್ತು ಅಡಿ ಆಚೀಚೆ ಆಗಬಹುದು, ಕೋರ್ಟಿಗೆ ಸಾಕ್ಷಿಯಾಗಿ ಒಯ್ಯುವಂಥದ್ದಲ್ಲ. ಆದರೆ ಮುಂಗಡ ಕೊಡುವ ಮೊದಲು ಅನುಮಾನ ಹುಟ್ಟಿಸಲು ಬೇಕಾದಷ್ಟಾಯಿತು.

ಇನ್ನೊಂದು ಹಳೇ ಫಾರ್ವರ್ಡ್ ಇಂದಿಗೂ ಓಡುತ್ತಿದೆ: ‘ಕೆರೆಯಿಂದ 75 ಮೀಟರ್ ಒಳಗಿನ ಮನೆಗಳನ್ನೆಲ್ಲ ಒಡೆಯುತ್ತಾರೆ’. ಬೆಂಗಳೂರಿನ 2015ರ ಮಹಾಯೋಜನೆಯಲ್ಲಿ (ಅದು ಜಾರಿಗೆ ಬಂದದ್ದು 2007ರಲ್ಲಿ) ಕೆರೆಗೆ 30 ಮೀಟರ್ ಬಫರ್ ಇತ್ತು, ರಾಜಕಾಲುವೆಗೆ ಅದರ ದರ್ಜೆಯ ಮೇಲೆ 50, 25, 15 ಮೀಟರ್. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಬಫರನ್ನು 75 ಮೀಟರ್ ಮಾಡಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅಂದರೆ ಆ ಮೆಸೇಜ್ ಒಂದು ಕಾಲದಲ್ಲಿ ಅರ್ಧ ನಿಜವಾಗಿತ್ತು. ಬಫರ್ ನಿಯಮ ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ಇವತ್ತಿನ ಅಂಕಿಯನ್ನು ಯೋಜನಾ ಪ್ರಾಧಿಕಾರದಲ್ಲೇ ಕೇಳಿ.

‘ಪಾರ್ಕಿಗಿಂತ ಆಸ್ಪತ್ರೆ ಒಳ್ಳೆಯದಲ್ಲವೇ?’

ಗ್ರೂಪಿನಲ್ಲಿ ಬರುವ ಅತ್ಯಂತ ಗಟ್ಟಿ ವಾದ ಇದು. ಸೈಟು ಮಾಡಿ ಮಾರುವುದು ತಪ್ಪು, ಸರಿ. ಎಲ್ಲರಿಗೂ ಉಪಯೋಗವಾಗುವ ಒಳ್ಳೇ ಕೆಲಸಕ್ಕೆ ಬಳಸಿದರೆ ಏನು ತಪ್ಪು? ಈ ಪ್ರಶ್ನೆಗೆ ಬೆಂಗಳೂರಿನ ಜನ ಹದಿನೈದು ವರ್ಷ ಹೋರಾಡಿ ಉತ್ತರ ಪಡೆದಿದ್ದಾರೆ.

ಸದಾಶಿವನಗರದ ಕಡೆ, ರಾಜಮಹಲ್ ವಿಲಾಸ್ ಬಡಾವಣೆಯ ಯೋಜನೆಯಲ್ಲಿ ಸಾರ್ವಜನಿಕ ಪಾರ್ಕಿಗೆಂದು ಒಂದು ಬಯಲು ಜಾಗ ಬಿಟ್ಟಿದ್ದರು. 1976ರಲ್ಲಿ ಸರ್ಕಾರದ ಆದೇಶದ ಮೇಲೆ ಬಿಡಿಎ ಆ ಜಾಗವನ್ನು ಆಸ್ಪತ್ರೆ ಕಟ್ಟಲು ಒಂದು ಖಾಸಗಿ ವೈದ್ಯಕೀಯ ಟ್ರಸ್ಟಿಗೆ ಕೊಟ್ಟಿತು. ಹಾಗೆ ಕೊಡುವಂತೆ ಸೂಚನೆ ಬಂದದ್ದು ಮುಖ್ಯಮಂತ್ರಿಗಳ ಕಡೆಯಿಂದ. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಮೊದಲ ಸುತ್ತಿನಲ್ಲಿ, ಏಕಸದಸ್ಯ ಪೀಠದ ಮುಂದೆ, ಸೋತರು. ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. 1991ರ ಜುಲೈ 19ರಂದು ಬಂದ ತೀರ್ಪು ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ’ ಎಂದು ಇಂದಿಗೂ ದೇಶದ ಎಲ್ಲ ಕೋರ್ಟುಗಳಲ್ಲಿ ಉಲ್ಲೇಖವಾಗುತ್ತದೆ.

ಟ್ರಸ್ಟಿನ ವಾದ ಎರಡು. ಒಂದು, ಆಸ್ಪತ್ರೆಯೂ ನಾಗರಿಕ ಸೌಲಭ್ಯವೇ, ಪಾರ್ಕಿಗಿಂತ ಹೆಚ್ಚಿನ ಅಗತ್ಯ. ಎರಡು, ಇದನ್ನು ಪ್ರಶ್ನಿಸಲು ಆ ನಿವಾಸಿಗಳು ಯಾರು, ಅವರ ಸ್ವಂತ ಆಸ್ತಿಗೆ ಏನಾಗಿದೆ? ಎರಡನ್ನೂ ಕೋರ್ಟ್ ತಳ್ಳಿಹಾಕಿತು. ಪಾರ್ಕು ಒಂದು ಬಗೆಯ ಅಗತ್ಯ, ಆಸ್ಪತ್ರೆ ಇನ್ನೊಂದು ಬಗೆಯ ಅಗತ್ಯ. ಒಂದಕ್ಕೆಂದು ಕಾನೂನುಬದ್ಧವಾಗಿ ಮೀಸಲಿಟ್ಟದ್ದನ್ನು ತೆಗೆದು ಇನ್ನೊಂದಕ್ಕೆ, ಅದೂ ಖಾಸಗಿಯವರಿಗೆ, ಕೊಡಲು ಸರ್ಕಾರಕ್ಕಾಗಲಿ ಪ್ರಾಧಿಕಾರಕ್ಕಾಗಲಿ ಅಧಿಕಾರವಿಲ್ಲ ಎಂಬುದು ತೀರ್ಪಿನ ತಿರುಳು. ಬಡಾವಣೆಯ ಗಾಳಿ, ಬಯಲು, ಆಟದ ಜಾಗ ಹೋದರೆ ತೊಂದರೆಯಾಗುವುದು ಅಲ್ಲಿ ವಾಸಿಸುವವರಿಗೇ, ಆದ್ದರಿಂದ ಅವರು ಕೇಳಬಹುದು ಎಂದೂ ಹೇಳಿತು.

ಮುಖ್ಯಮಂತ್ರಿ ಮಟ್ಟದಿಂದ ಬಂದ ಆದೇಶವೇ ನಿಲ್ಲದಿದ್ದಾಗ ನಮ್ಮ ಗ್ರೂಪಿನ ಮೂವತ್ತು ಹೆಬ್ಬೆಟ್ಟು ಎಲ್ಲಿ ನಿಲ್ಲುತ್ತದೆ?

ಈಗ ಬಿಡಿಎ ಕಾಯ್ದೆಯಲ್ಲೇ 38-ಎ ಎಂಬ ಕಲಮು ಇದೆ. ಪಾರ್ಕು, ಆಟದ ಮೈದಾನ ಎಂದು ಮೀಸಲಿಟ್ಟದ್ದನ್ನು ಮಾರುವಂತಿಲ್ಲ, ಬೇರೆ ರೀತಿಯಲ್ಲಿ ವಿಲೇವಾರಿ ಮಾಡುವಂತಿಲ್ಲ. ಮಾಡಿದರೆ ಅದು ಊರ್ಜಿತವಲ್ಲ. ರಾಜ್ಯದ ಉಳಿದ ಊರುಗಳ ಪಾರ್ಕು ಮೈದಾನಗಳ ರಕ್ಷಣೆಗೆ 1985ರ ಪಾರ್ಕು, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಇದೆ. ಖಾಸಗಿ ಲೇಔಟ್ ಆದರೂ ನಕ್ಷೆ ಅನುಮೋದನೆಯಾಗುವಾಗ ರಸ್ತೆ, ಪಾರ್ಕುಗಳನ್ನು ಪ್ರಾಧಿಕಾರಕ್ಕೆ ಅಥವಾ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಹಾಗಾಗಿಯೇ ಲೇಔಟ್ ಮಾಡಿದವರಾಗಲಿ, ಸೈಟ್ ಮಾಲೀಕರ ಸಂಘವಾಗಲಿ ಅದನ್ನು ಮಾರಲು ಬರುವುದಿಲ್ಲ. ಇದೇ ಕಾರಣಕ್ಕೆ, ಹೀಗೆ ಬಿಟ್ಟುಕೊಟ್ಟ ರಸ್ತೆಗೆ ಗೇಟು ಹಾಕಿ ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂದು ಬೋರ್ಡು ಬರೆಸಿದರೂ ಅದಕ್ಕೆ ಬಲವಿಲ್ಲ. ಈ ಮಾತು ಅನೇಕರಿಗೆ ಇಷ್ಟವಾಗುವುದಿಲ್ಲ. ಪಾರ್ಕಿನ ವಿಷಯದಲ್ಲಿ ಸಾರ್ವಜನಿಕ ಆಸ್ತಿ ಎಂದು ವಾದಿಸಿ ರಸ್ತೆಯ ವಿಷಯಕ್ಕೆ ಬಂದಾಗ ನಮ್ಮದು ಎನ್ನಲು ಆಗುವುದಿಲ್ಲವಲ್ಲ.

ಹಾಗಾದರೆ ದೇವಸ್ಥಾನ, ಸಮುದಾಯ ಭವನ ಎಲ್ಲಿ ಕಟ್ಟಬೇಕು?

ಅದಕ್ಕೇ ಸಿಎ ಸೈಟು ಇರುವುದು. ಪಾರ್ಕು ಬೇರೆ, ಸಿಎ ಸೈಟು ಬೇರೆ. ಫಾರ್ವರ್ಡ್‌ಗಳಲ್ಲಿ ಎರಡನ್ನೂ ಕಲಸುತ್ತಾರೆ. ಬಿಡಿಎ ಕಾಯ್ದೆಯ ಪ್ರಕಾರ ನಾಗರಿಕ ಸೌಲಭ್ಯ ಎಂದರೆ ಹಾಲಿನ ಬೂತು, ನ್ಯಾಯಬೆಲೆ ಅಂಗಡಿ, ಅಂಚೆ ಕಚೇರಿ, ಶಾಲೆ, ಹೆರಿಗೆ ಆಸ್ಪತ್ರೆ, ಶಿಶುಪಾಲನಾ ಕೇಂದ್ರ, ಗ್ರಂಥಾಲಯ, ಬಸ್ ನಿಲ್ದಾಣ, ಪೊಲೀಸ್ ಠಾಣೆ ಎಲ್ಲವೂ ಬರುತ್ತವೆ. ನೋಂದಾಯಿತ ಸಂಘ ಅಥವಾ ಟ್ರಸ್ಟ್ ನಡೆಸುವ ಧಾರ್ಮಿಕ, ಸಾಂಸ್ಕೃತಿಕ ಕೇಂದ್ರವೂ ಸೇರಿದೆ. ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ನಿಯಮದ ಪ್ರಕಾರ ಲೀಸ್ ಮೇಲೆ ಪಡೆದು ಕಟ್ಟಬಹುದು. ದಾರಿ ಉದ್ದ, ಆದರೆ ಮುಂದೆ ಯಾರೂ ಬಂದು ಒಡೆಯುವುದಿಲ್ಲ.

ಪಾರ್ಕಿನ ಮೂಲೆಯಲ್ಲಿ ರಾತ್ರೋರಾತ್ರಿ ಕಟ್ಟಿದ್ದಕ್ಕೆ ಆ ನೆಮ್ಮದಿ ಇಲ್ಲ. 2009ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ ಸಾರ್ವಜನಿಕ ರಸ್ತೆ, ಪಾರ್ಕು, ಇತರ ಸಾರ್ವಜನಿಕ ಸ್ಥಳಗಳಲ್ಲಿ ದೇವಸ್ಥಾನ, ಮಸೀದಿ, ಚರ್ಚು, ಗುರುದ್ವಾರ ಯಾವುದರ ಹೆಸರಿನಲ್ಲೂ ಅನಧಿಕೃತ ಕಟ್ಟಡ ಕಟ್ಟುವಂತಿಲ್ಲ. ‘ನಮ್ಮ ಧರ್ಮಕ್ಕೆ ಮಾತ್ರ ತಡೆ’ ಎಂಬ ಮೆಸೇಜ್ ಬಂದರೆ ಈ ಸಾಲನ್ನು ತೋರಿಸಿ.

ಖಾತೆ ಇದೆ, ಕನ್ವರ್ಷನ್ ಆಗಿದೆ. ಇನ್ನೇನು ಬೇಕು?

ಸೈಟು ಮಾರುವ ಜಾಹೀರಾತಿನಲ್ಲಿ ಈ ಎರಡು ಪದ ತಪ್ಪುವುದಿಲ್ಲ. ಎರಡೂ ಇದ್ದು ಲೇಔಟೇ ಅನುಮೋದನೆಯಾಗಿಲ್ಲದ ಜಾಗಗಳು ಎಲ್ಲ ಊರಿನ ಸುತ್ತಲೂ ಇವೆ.

ಡಿಸಿ ಕನ್ವರ್ಷನ್ ಎಂದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಸಿಗುವ ಅನುಮತಿ. ಅದು ಇಡೀ ಜಮೀನಿಗೆ ಕೊಟ್ಟದ್ದು; ಅದರಲ್ಲಿ ರಸ್ತೆ ಎಲ್ಲಿ, ಚರಂಡಿ ಎಲ್ಲಿ, ಪಾರ್ಕು ಎಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಯೋಜನಾ ಪ್ರಾಧಿಕಾರ ಅನುಮೋದಿಸುವ ಲೇಔಟ್ ನಕ್ಷೆ. ಖಾತೆ ಎಂದರೆ ತೆರಿಗೆ ವಸೂಲಿಗೆ ಇಟ್ಟ ಲೆಕ್ಕ. ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಎಂದು ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಪಂಚಾಯಿತಿಯ 9, 11 ನಮೂನೆಯ ಕಾಗದ ಕೈಯಲ್ಲಿ ಹಿಡಿದು ‘ಎಲ್ಲಾ ಕ್ಲಿಯರ್’ ಎನ್ನುವವರು ನಕ್ಷೆಯ ಮಾತು ತೆಗೆದರೆ ವಿಷಯ ಬದಲಿಸುತ್ತಾರೆ.

500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಆದರೆ 2016ರ ರೇರಾ ಕಾಯ್ದೆಯಡಿ ನೋಂದಣಿ ಆಗಬೇಕು. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಯೋಜನೆಯ ಹೆಸರು ಹಾಕಿ ಹುಡುಕಿದರೆ ಅನುಮೋದಿತ ನಕ್ಷೆಯನ್ನೇ ಫೋನಿನಲ್ಲಿ ನೋಡಬಹುದು. ಬ್ರೋಷರಿನಲ್ಲಿ ಹಸಿರು ಬಣ್ಣ ಬಳಿದ ಜಾಗ ನಕ್ಷೆಯಲ್ಲಿ ಸೈಟ್ ನಂಬರ್ ಹೊತ್ತು ಕೂತಿರುವುದು ಅಲ್ಲೇ ಗೊತ್ತಾಗುತ್ತದೆ.

‘ಈಗ ಹೇಗಾದರೂ ಇರಲಿ, ಮುಂದೆ ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತೆ’ ಎಂಬ ಸಮಾಧಾನವೂ ಇದೆ. ಕಟ್ಟಡಗಳ ಅಕ್ರಮ-ಸಕ್ರಮ ಯೋಜನೆಯನ್ನು ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದಿತ್ತು, ಒಂದೇ ತಿಂಗಳಲ್ಲಿ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸರ್ಕಾರಗಳು ಆಗಾಗ ಬೇರೆ ಬೇರೆ ಹೆಸರಿನಲ್ಲಿ ಖಾತೆ ಕೊಡುವ ಯೋಜನೆ ತರುತ್ತವೆ, ಕೆಲವರಿಗೆ ಉಪಯೋಗವೂ ಆಗುತ್ತದೆ. ಆದರೆ ಯಾವ ಯೋಜನೆಯೂ ಇಲ್ಲದ ಪಾರ್ಕನ್ನು ಹುಟ್ಟಿಸುವುದಿಲ್ಲ, 20 ಅಡಿಯ ರಸ್ತೆಯನ್ನು 30 ಅಡಿ ಮಾಡುವುದಿಲ್ಲ.

ರಸ್ತೆಯ ಅಗಲ ಯಾಕೆ ಮುಖ್ಯ ಎನ್ನುವವರು ಸಂಜೆ ಏಳರ ಮೇಲೆ ಒಮ್ಮೆ ತಮ್ಮ ಬೀದಿಗೆ ಬಂದು ನೋಡಬೇಕು. ಎರಡೂ ಬದಿ ಒಂದೊಂದು ಕಾರು ನಿಂತರೆ ಸುಮಾರು 12 ಅಡಿ ಹೋಯಿತು. 20 ಅಡಿ ರಸ್ತೆಯಲ್ಲಿ ಉಳಿಯುವುದು 8 ಅಡಿ. ಅಗ್ನಿಶಾಮಕ ವಾಹನದ ಅಗಲವೇ ಹೆಚ್ಚುಕಡಿಮೆ ಅಷ್ಟು.

ಗ್ರೂಪಿನಲ್ಲಿ ಸುಮ್ಮನಿದ್ದವರು ಏನು ಮಾಡಬಹುದು

ಮೊದಲು ನಕ್ಷೆ ತರಿಸಿ. ಯೋಜನಾ ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ, ಲೇಔಟ್‌ನ ಸರ್ವೆ ನಂಬರ್ ಬರೆದು, ಅನುಮೋದಿತ ನಕ್ಷೆ ಮತ್ತು ರಸ್ತೆ, ಪಾರ್ಕು, ಸಿಎ ಜಾಗ ಬಿಟ್ಟುಕೊಟ್ಟ ಪತ್ರ ಎರಡರ ದೃಢೀಕೃತ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ‘ಪಾರ್ಕ್ ಜಾಗದ ಬಗ್ಗೆ ಮಾಹಿತಿ ಕೊಡಿ’ ಎಂದು ಬರೆದರೆ ಏನೂ ಬರುವುದಿಲ್ಲ. ಯಾವ ಕಾಗದ ಬೇಕು ಎಂದು ಹೆಸರಿಟ್ಟು ಕೇಳಬೇಕು.

ನಕ್ಷೆ ಬಂದ ಮೇಲೆ ಒಂದು ಭಾನುವಾರ ಬೆಳಗ್ಗೆ ನಾಲ್ಕು ಜನ ಟೇಪು ಹಿಡಿದು ಅಳೆಯಿರಿ. ಪಾರ್ಕಿನ ಉದ್ದಗಲ, ರಸ್ತೆಯ ಅಗಲ, ಚರಂಡಿ ಹೋಗಿ ಎಲ್ಲಿ ಸೇರುತ್ತದೆ ಎಂಬುದು. ನಮ್ಮ ಬೀದಿಯಲ್ಲಿ ಹೀಗೆ ಅಳೆದಾಗ ಪಾರ್ಕು ಸರಿಯಾಗಿಯೇ ಇತ್ತು. ರಸ್ತೆಯನ್ನು ಒಂದೊಂದೂವರೆ ಅಡಿ ನುಂಗಿದ್ದು ನಮ್ಮದೇ ಮನೆಗಳ ಮೆಟ್ಟಿಲು, ಕಾರಿನ ರ‍್ಯಾಂಪು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಳತೆಯಲ್ಲಿ ವ್ಯತ್ಯಾಸ ಬಂದರೆ ಫೋಟೋ ಸಮೇತ ಪ್ರಾಧಿಕಾರಕ್ಕೂ ಪಂಚಾಯಿತಿ ಅಥವಾ ಪುರಸಭೆಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರೂಪಿನಲ್ಲಿ ಹಾಕಿದ ಫೋಟೋಗೆ ದಾಖಲೆಯ ಬೆಲೆ ಇಲ್ಲ. ಜಾಗದ ಉಪಯೋಗವನ್ನು ಬದಲಿಸಲು ಯಾರಾದರೂ ಅರ್ಜಿ ಹಾಕಿದ್ದರೆ ಪ್ರಾಧಿಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಆ ಪ್ರಕಟಣೆ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸರ್ವೆ ನಂಬರ್ ಮಾತ್ರ ಹೊತ್ತು ಬರುತ್ತದೆ, ಲೇಔಟ್‌ನ ಹೆಸರು ಇರುವುದಿಲ್ಲ. ನಿಮ್ಮ ಲೇಔಟ್‌ನ ಸರ್ವೆ ನಂಬರ್ ಎಷ್ಟು ಎಂಬುದನ್ನು ಗ್ರೂಪಿನ ವಿವರಣೆಯಲ್ಲೇ ಬರೆದಿಟ್ಟರೆ ಯಾರಾದರೊಬ್ಬರ ಕಣ್ಣಿಗೆ ಬಿದ್ದೀತು.

ಇನ್ನು ಆ ಹಾಳು ಬಿದ್ದ ಪಾರ್ಕು. ಅದನ್ನು ಸರಿಮಾಡುವ ಹೊಣೆ ಸ್ಥಳೀಯ ಸಂಸ್ಥೆಯದ್ದು. ಆದರೂ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆದು ನಿವಾಸಿಗಳೇ ನೋಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಸುತ್ತ ತಂತಿ ಬೇಲಿ, ಕಸ ಹಾಕದಂತೆ ಒಂದು ದೀಪ, ಹೊಂಗೆ, ಬೇವು, ನೇರಳೆ ಹತ್ತಿಪ್ಪತ್ತು ಗಿಡ. ಮಣ್ಣು ತುಂಬಿಸಿ ಎತ್ತರ ಮಾಡಬೇಡಿ. ರಸ್ತೆಯ ನೀರು ಒಳಗೆ ಬರುವಂತೆ ಕಟ್ಟೆಯಲ್ಲಿ ಎರಡು ಕಡೆ ಕಿಂಡಿ ಬಿಡಿ, ಕಿಂಡಿಯ ಬಾಯಿಗೆ ಕಸ ತಡೆಯಲು ಒಂದು ಜಾಲರಿ ಇಡಿ. ಮಳೆಗಾಲಕ್ಕೆ ಮೊದಲು ಆ ಜಾಲರಿಯನ್ನು ಯಾರು ಬಳಿಯುತ್ತಾರೆ ಎಂಬುದನ್ನು ಗ್ರೂಪಿನಲ್ಲಿ ಈಗಲೇ ತೀರ್ಮಾನಿಸಿಕೊಳ್ಳಿ.